ಬಾಡದ ತೋರಣ

ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣಕ್ಕೆ ಇರುವುದು ಒಂದೇ ದೋಷ: ಅದು ಬಾಡುವುದಿಲ್ಲ. ಅಂಗಡಿಯವನ ಬಾಯಲ್ಲಿ ಅದೇ ಅದರ ಹೆಚ್ಚುಗಾರಿಕೆ. ಯುಗಾದಿಗೆ ಕಟ್ಟಿದ್ದು ಶ್ರಾವಣ ದಾಟಿ, ದಸರೆ ದಾಟಿ, ಮುಂದಿನ ಯುಗಾದಿಗೂ ಹಾಗೇ ಹಸಿರಾಗಿ ತೂಗುತ್ತಿರುತ್ತದೆ. ನಡುವೆ ಮನೆಯಲ್ಲಿ ಮದುವೆಯಾಗಲಿ, ಸೂತಕ ಬರಲಿ, ಅದರ ಮುಖದಲ್ಲಿ ಬದಲಾವಣೆಯಿಲ್ಲ. ಮರದಿಂದ ಕಿತ್ತು ಕಟ್ಟಿದ ತೋರಣ ಹಾಗಲ್ಲ. ಎಲೆ ಹಸಿರಾಗಿದ್ದರೆ ಇವತ್ತು ಹಬ್ಬ. ಅಂಚು ಮುದುಡಿದ್ದರೆ ಹಬ್ಬ ಕಳೆದು ನಾಲ್ಕಾರು ದಿನ. ಪೂರ್ತಿ ಸುರುಟಿ ಗಾಳಿಗೆ ಸರಸರ ಸದ್ದು ಮಾಡುತ್ತಿದ್ದರೆ ಈ ಮನೆಯವರಿಗೆ ಸ್ಟೂಲು ಹತ್ತಲು ಪುರುಸೊತ್ತಿಲ್ಲ. ದಾರಿಹೋಕರೂ ಓದಬಹುದಾದ ಪಂಚಾಂಗ ಅದು. ಮಾವಿನೆಲೆ ಮನೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಎಂಬ ವಾಟ್ಸಾಪ್ ವಿಜ್ಞಾನವನ್ನು ನಾನು ಇಲ್ಲಿ ಎಳೆದು ತರುವುದಿಲ್ಲ. ಒಂದು ಹಿಡಿ ಕಿತ್ತ ಎಲೆಯಿಂದ ಮನೆ ತುಂಬಿದ ನೆಂಟರ ಉಸಿರು ತಿಳಿಯಾಗುವುದಿಲ್ಲ. ಕೈಯಿಂದ ಮಾಡಿದ ಹಳ್ಳಿಗಾಡಿನ ಅಲಂಕಾರದ ಬೆಲೆ ಅದರ ಒರಟು ಚೆಲುವಿನಲ್ಲಿದೆ ಎಂದು ಈಚೆಗೆ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದರ ಬೆಲೆ ಇರುವುದು ಅದು ಮುಗಿದುಹೋಗುವುದರಲ್ಲಿ, ಮುಗಿಯುವುದರಿಂದಲೇ ಮತ್ತೆ ಮಾಡಬೇಕಾಗುವುದರಲ್ಲಿ.

ಪೇಟೆಯಲ್ಲಿ ‘ರಸ್ಟಿಕ್’ ಎಂಬ ಹೆಸರಿನಲ್ಲಿ ಬಾಡಿಗೆಗೆ ಸಿಗುವ ಅಲಂಕಾರವನ್ನು ನೋಡಿದರೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಗೋಣಿತಾಟಿನ ಮೇಜುವಸ್ತ್ರ, ಎಂದೂ ಗಾಡಿಗೆ ಹೂಡದ ಗಾಡಿಚಕ್ರ, ಎಣ್ಣೆಯ ಬದಲು ಬ್ಯಾಟರಿಯಿಂದ ಉರಿಯುವ ಲಾಂದ್ರ, ಕತ್ತಿಗೆ ಸೆಣಬಿನ ಹುರಿ ಸುತ್ತಿಸಿಕೊಂಡ ಗಾಜಿನ ಶೀಸೆ. ಈ ಶೀಸೆಯ ಕಥೆ ತಮಾಷೆಯದು. ಮುಚ್ಚಳ ತಿರುಗಿಸಿ ಬಿಗಿಯುವ ಇಂಥ ಜಾಡಿಗೆ 1858ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್. ಅಲ್ಲಿಯ ರೈತರ ಮನೆಗಳಲ್ಲಿ ಚಳಿಗಾಲಕ್ಕೆಂದು ಹಣ್ಣು ತರಕಾರಿ ಕಾಪಿಡಲು ಅದು ಬಳಕೆಯಾಯಿತು. ಆ ನಾಡಿನವರಿಗೆ ಅದು ಅಜ್ಜಿಮನೆಯ ನೆನಪು. ಮದುವೆಯ ಮೇಜಿಗೆ ಅವರು ಅದನ್ನು ತಂದದ್ದಕ್ಕೆ ಅರ್ಥವಿದೆ. ಅದೇ ಜಾಡಿ ಬೆಂಗಳೂರಿನ ರಿಸೆಪ್ಷನ್ನಿಗೆ ಬಂದು ನಮ್ಮ ಹಳ್ಳಿಯ ಪ್ರತಿನಿಧಿಯಾಗಿ ಕುಳಿತಾಗ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಏನನ್ನಿಸಬೇಕು? ಇನ್ನೊಂದು ವಿಚಿತ್ರವೆಂದರೆ ಈ ಆಮದು ಹಳ್ಳಿಯ ಬಣ್ಣ ಯಾವಾಗಲೂ ಕಂದು. ನಮ್ಮ ಹಳ್ಳಿ ಹಬ್ಬದ ದಿನ ಕಂದಾಗಿ ಕಂಡದ್ದು ಯಾವಾಗ? ಹೊಸ್ತಿಲಿಗೆ ಅರಿಸಿನ ಕುಂಕುಮ, ಎತ್ತಿನ ಕೊಂಬಿಗೆ ಬಣ್ಣ, ಬಾಗಿಲಿಗೆ ಚೆಂಡುಹೂವಿನ ಕಿತ್ತಳೆ, ಅಂಗಳದ ರಂಗೋಲಿಗೆ ಏಳು ಬಣ್ಣದ ಪುಡಿ. ಬಡತನದ ಬಣ್ಣವನ್ನು ಹಳ್ಳಿಯ ಬಣ್ಣವೆಂದು ತಿಳಿದವರು ಮಾತ್ರ ಹಬ್ಬಕ್ಕೆ ಗೋಣಿತಾಟು ಹಾಸಿಯಾರು. ಹಳ್ಳಿಯವರು ಅದರಲ್ಲಿ ಭತ್ತ ತುಂಬುತ್ತಾರೆ.

ಹಳ್ಳಿಯ ಅಲಂಕಾರವನ್ನು ನೋಟದಿಂದ ಗುರುತಿಸಹೊರಟರೆ ಹೀಗೆ ಎಡವುತ್ತೇವೆ. ಅದನ್ನು ಗುರುತಿಸಬೇಕಾದದ್ದು ಮಾಡುವ ಕ್ರಮದಿಂದ. ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನೇ ನೋಡಿ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯಬೇಕು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಅದೇ ಅಕ್ಕಿಯನ್ನು ಸೀಯುವಂತೆ ಹುರಿದು ಅರೆದದ್ದು, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿ ನಾರು. ಅಂಗಡಿಯಿಂದ ತರಬೇಕಾದದ್ದು ಯಾವುದೂ ಇಲ್ಲ. ತರಲಾಗದ್ದು ಒಂದಿದೆ, ನಡುಗದ ಕೈ. ಚಿತ್ತಾರವಿಡೀ ನೇರ ಗೆರೆಗಳ ಹೆಣಿಗೆ. ಎಳೆಯ ಪಕ್ಕದಲ್ಲಿ ಎಳೆ, ಎರಡರ ನಡುವೆ ಅಷ್ಟೇ ಅಂತರ. ಒಂದು ಗೆರೆ ಸೊಟ್ಟಗಾದರೆ ಮುಂದಿನದೆಲ್ಲ ಅದರ ಸೊಟ್ಟವನ್ನೇ ಹಿಡಿಯುತ್ತದೆ. ಒರಟುತನವೇ ಹಳ್ಳಿಯ ಕಲೆಯ ಗುಣ ಎನ್ನುವವರು ಆ ಗೋಡೆಯ ಮುಂದೆ ಐದು ನಿಮಿಷ ನಿಲ್ಲಬೇಕು. ಮದುವೆಯ ದಿನ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಹೆಂಗಸರು ಈ ಚಿತ್ತಾರ ಬರೆಯುತ್ತಾರೆ. ಗದ್ದೆಯ ಪೈರನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುವ ಭೂಮಿ ಹುಣ್ಣಿಮೆಗೆ, ಅಡಿಗೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಯ ಮೈಮೇಲೂ ಇದೇ ಗೆರೆಗಳು. ಅಕ್ಕಿಯ ಬಿಳುಪು ಎಷ್ಟು ಕಾಲ ನಿಂತೀತು? ಮಳೆಗಾಲದ ಥಂಡಿಗೆ ಮಸುಕಾಗುತ್ತದೆ, ಸಾರಣೆಯ ಅಡಿ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಮುಂದಿನ ಮದುವೆಗೆ, ಮುಂದಿನ ಹುಣ್ಣಿಮೆಗೆ ಯಾರೋ ಮತ್ತೆ ನಾರು ಜಜ್ಜಿ ಕುಂಚ ಮಾಡುತ್ತಾರೆ. ಪಕ್ಕದಲ್ಲಿ ಕೂತ ಹುಡುಗಿ ನೋಡಿ ಕಲಿಯುತ್ತಾಳೆ. ಬಣ್ಣ ಗಟ್ಟಿಯಾಗಿ ನೂರು ವರ್ಷ ನಿಂತಿದ್ದರೆ ಗೋಡೆ ಉಳಿಯುತ್ತಿತ್ತು, ಕೈ ಉಳಿಯುತ್ತಿರಲಿಲ್ಲ.

ಇದು ಮಲೆನಾಡಿನ ಮಾತಷ್ಟೇ ಅಲ್ಲ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆ ಕಳೆದ ಮೇಲೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣಿನಿಂದ ಜೋಡೆತ್ತು ತಿದ್ದಿ ಪೂಜಿಸುತ್ತಾರೆ. ಆ ಎತ್ತು ಮರಳಿ ಮಣ್ಣೇ ಆಗುತ್ತದೆ. ದೀಪಾವಳಿಗೆ ಸಗಣಿಯಲ್ಲಿ ಮಾಡಿದ ಪಾಂಡವರಿಗೆ ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸುತ್ತಾರೆ. ಅವರ ರಾಜ್ಯಭಾರವೂ ಹಬ್ಬದಷ್ಟೇ ಉದ್ದ. ಉತ್ತರ ಕನ್ನಡದಲ್ಲಿ ಚೌತಿಯ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲಿ ತೋಟದ ಕಾಯಿ, ಬೆಟ್ಟದ ಹಣ್ಣು ಎಲ್ಲ ತೂಗುತ್ತವೆ. ಆ ವರ್ಷ ಸುತ್ತಮುತ್ತ ಏನು ಬೆಳೆದಿದೆ ಎಂಬ ಲೆಕ್ಕಪತ್ರ ದೇವರ ತಲೆಯ ಮೇಲೆಯೇ. ಎಲ್ಲವನ್ನೂ ಮನೆಯವರೇ ಮಾಡಿಕೊಳ್ಳುತ್ತಿದ್ದರು ಎಂದಲ್ಲ. ಬೆಂಡಿನ ಬಾಸಿಂಗ ಗುಡಿಗಾರರ ಕಸುಬು. ಅಷ್ಟು ಹಗುರವಾದ ಬೆಂಡನ್ನು ಹಾಳೆಯಂತೆ ಸೀಳಿ ಹೂವಾಗಿಸುವುದು ಭಾನುವಾರ ಮಧ್ಯಾಹ್ನ ಯೂಟ್ಯೂಬ್ ನೋಡಿ ಬರುವ ವಿದ್ಯೆಯಲ್ಲ. ಕೈಯಲ್ಲಿ ಮಾಡಿದ್ದು ಎಂದರೆ ನಮ್ಮದೇ ಕೈಯಾಗಬೇಕೆಂಬ ಹಟ ಬೇಡ. ಯಾರದೋ ಒಬ್ಬರ ಕೈ ಎಂಬುದು ಗೊತ್ತಿದ್ದರೆ ಸಾಕು.

ಇದಕ್ಕೆ ಬಲವಾದ ಆಕ್ಷೇಪ ಹೆಂಗಸರ ಕಡೆಯಿಂದ ಬರಬೇಕು, ಬಂದಿದೆ ಕೂಡ. ಮತ್ತೆ ಮತ್ತೆ ಮಾಡಬೇಕಾದದ್ದರಲ್ಲೇ ಬೆಲೆ ಎನ್ನುತ್ತೀರಲ್ಲ, ಮಾಡುತ್ತಿದ್ದವರು ಯಾರು? ಹಬ್ಬದ ಹಿಂದಿನ ದಿನ ಸಾರಿಸಿ, ಬಳಿದು, ಬರೆದು, ಬೆಳಗ್ಗೆ ಒಬ್ಬಟ್ಟು ತಟ್ಟಿದವರೂ ಅವರೇ. ಪ್ಲಾಸ್ಟಿಕ್ ತೋರಣ ಅವರಿಗೆ ಒಂದು ಗಂಟೆಯ ಬಿಡುವು ಕೊಟ್ಟಿದ್ದರೆ ಅದನ್ನು ಹೀಗಳೆಯಲು ಕೂತು ಬರೆಯುವವರಿಗೆ ಏನು ಹಕ್ಕು? ಈ ಮಾತಿನಲ್ಲಿ ಒಂದಿಷ್ಟೂ ಸುಳ್ಳಿಲ್ಲ. ಇದಕ್ಕೆ ಇನ್ನೊಂದನ್ನು ನಾನೇ ಸೇರಿಸುತ್ತೇನೆ: ಮದುವೆಯ ಚಪ್ಪರಕ್ಕೆ ಕಂಬ ನೆಟ್ಟು ಸೋಗೆ ಹೊದಿಸಿದವರೆಲ್ಲ ಅದೇ ಚಪ್ಪರದ ಮೊದಲ ಪಂಕ್ತಿಯಲ್ಲಿ ಕೂತು ಉಂಡವರಲ್ಲ. ಹಳೆಯ ಹಬ್ಬದ ಚೆಲುವಿನಲ್ಲಿ ಲೆಕ್ಕಕ್ಕೆ ಸಿಗದ ದುಡಿಮೆ ಬೇಕಾದಷ್ಟಿತ್ತು. ಆದರೆ ಆ ಅನ್ಯಾಯ ಇದ್ದದ್ದು ಮಾವಿನೆಲೆಯಲ್ಲಲ್ಲ, ಕೆಲಸ ಹಂಚಿದ ರೀತಿಯಲ್ಲಿ. ಎಲೆ ಬದಲಾಯಿಸಿ ಹಂಚಿಕೆಯನ್ನು ಹಾಗೇ ಬಿಟ್ಟರೆ ಅಡಿಗೆಮನೆಯಲ್ಲಿರುವವರು ಅಲ್ಲೇ ಇರುತ್ತಾರೆ, ತೋರಣ ಮಾತ್ರ ಚೀಲದಿಂದ ಬರುತ್ತದೆ. ಅಲಂಕಾರವನ್ನು ಕಡಿಮೆ ಮಾಡೋಣ, ಅದಕ್ಕೆ ನನ್ನ ತಕರಾರಿಲ್ಲ. ಒಂದು ಬಾಗಿಲಿಗೆ ಇಪ್ಪತ್ತು ಎಲೆ, ಒಂದು ಗೇಣಿನ ರಂಗೋಲಿ, ಅಷ್ಟೇ. ಮಾಡುವವರು ಯಾರೆಂಬುದನ್ನು ಮಾತ್ರ ಸರದಿಯಲ್ಲಿ ಬದಲಾಯಿಸೋಣ. ತೋರಣ ಕಟ್ಟಲು ಬೇಕಾದದ್ದು ಎರಡು ಕೈ; ಕುಂಕುಮವಿಡುವ ಹಣೆ ಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎರಡನೆಯ ಆಕ್ಷೇಪ ಖರ್ಚಿನದು. ಒಮ್ಮೆ ಕೊಂಡದ್ದನ್ನು ಹತ್ತು ವರ್ಷ ಕಟ್ಟಿದರೆ ಅದೂ ಮಿತವ್ಯಯವಲ್ಲವೇ? ಹತ್ತು ವರ್ಷ ಜೋಪಾನ ಮಾಡುವವರಿಗೆ ನನ್ನ ನಮಸ್ಕಾರ. ಬಟ್ಟೆಯ ಕಸೂತಿ ತೋರಣವನ್ನು ಮಡಚಿಟ್ಟು ಹಬ್ಬಕ್ಕೆ ಮಾತ್ರ ತೆಗೆಯುವ ಮನೆಗಳ ಬಗ್ಗೆ ನನ್ನ ದೂರಿಲ್ಲ, ಅವರದ್ದು ಹಬ್ಬವನ್ನು ಗುರುತಿಸುವ ತೋರಣವೇ. ಆದರೆ ಪಾರ್ಟಿಯ ಸಾಮಾನಿನ ಬಾಳು ಒಂದು ಸಂಜೆಯದು. ವಸ್ತು ನೂರಾರು ವರ್ಷದ್ದು, ಉಪಯೋಗ ಮೂರು ಗಂಟೆಯದು. ಕರ್ನಾಟಕ ಸರ್ಕಾರ 2016ರಲ್ಲೇ ಪ್ಲಾಸ್ಟಿಕ್ಕಿನ ಬಂಟಿಂಗು, ಬಾವುಟ, ಫ್ಲೆಕ್ಸುಗಳನ್ನು ನಿಷೇಧಿಸಿತು; 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಹೆಸರು ಹಿಡಿದೇ ಇದೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿಯೂ ಇದೆ. ಥರ್ಮೋಕೋಲಿನಲ್ಲಿ ಬಹುಪಾಲು ಗಾಳಿಯೇ. ಜಾಗ ಹೆಚ್ಚು, ತೂಕ ಕಡಿಮೆ, ಹಾಗಾಗಿ ಹಳೆಯ ಸಾಮಾನಿನವನೂ ಮೂಸುವುದಿಲ್ಲ. ಮುರಿದರೆ ಸಾಬೂದಾನಿಯಂತೆ ಉದುರಿ ಚರಂಡಿ ಸೇರುತ್ತದೆ. ಹಾಗೆಂದು ಎಲೆ ಹೂವೆಲ್ಲ ನಿರಪರಾಧಿ ಎನ್ನಲಾರೆ. ಮರದ ಕೊಂಬೆಯನ್ನೇ ಕಡಿದು ಮಾರುಕಟ್ಟೆಗೆ ತಂದು ರಾಶಿ ಹಾಕುವುದು, ಒಂದು ಸಂಜೆಯ ಕಮಾನಿಗೆ ತೆಂಗಿನ ಎಳೆಗರಿಗಳನ್ನು ಸವರುವುದು, ಇವೂ ದುಂದುಗಾರಿಕೆಯೇ. ಬಾಡುವ ಸಾಮಾನು ಮಿತವನ್ನು ಕಲಿಸೀತು, ಮಿತವೇ ಇಲ್ಲದವರಿಗೆ ಅದೂ ಕಲಿಸಲಾರದು.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವುದು ಕೌದಿ. ಹಳೆಯ ಸೀರೆ, ಹರಿದ ಅಂಗಿಗಳ ತುಂಡು ಸೇರಿಸಿ ಹೊಲಿದ ಕೌದಿಗಿಂತ ಹಳ್ಳಿಯದಾದ, ಕೈಯದಾದ ವಸ್ತು ಇನ್ನಾವುದು? ಅದು ವರ್ಷಾನುಗಟ್ಟಲೆ ಬಾಳುತ್ತದೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ, ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಸೇರಿಸುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಇಲ್ಲಿ ಅಲಂಕಾರ ಉಳಿಯುತ್ತದೆ ನಿಜ, ಆದರೆ ಹೊದ್ದು, ಒಗೆದು, ಸವೆದು ಉಳಿಯುತ್ತದೆ. ಅದೇ ಕೌದಿಯನ್ನು, ಅದೇ ಹಸೆ ಚಿತ್ತಾರವನ್ನು ಈಗ ಚೌಕಟ್ಟು ಹಾಕಿ ನಗರದ ಹಾಲ್‌ಗಳಲ್ಲಿ ತೂಗುಹಾಕುತ್ತಾರೆ. ಇದನ್ನು ನಾನು ಕೆಡುಕೆನ್ನಲಾರೆ. ಬರೆದವಳಿಗೆ ನಾಲ್ಕು ಕಾಸು ಸಿಗುತ್ತದೆ, ಹೆಸರು ಸಿಗುತ್ತದೆ. ಗೋಡೆಯ ಮೇಲೆ ಬರೆದಾಗ ಇವೆರಡೂ ಸಿಗುತ್ತಿರಲಿಲ್ಲ. ಗಾಜಿನ ಹಿಂದೆ ಹೋದ ಮೇಲೆ ಅದು ಚಿತ್ರ, ಒಳ್ಳೆಯ ಚಿತ್ರ. ಹಬ್ಬದ ಅಲಂಕಾರವೆಂದು ಮಾತ್ರ ಕರೆಯಬೇಡಿ, ಏಕೆಂದರೆ ಹಬ್ಬ ಮುಗಿದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಮುಂದಿನ ಹಬ್ಬಕ್ಕೆ ಮಾವಿನೆಲೆ ತಂದರೆ ಒಂದು ಕೆಲಸ ಮಾಡಿ. ಎಲೆಯನ್ನು ಬಾಳೆನಾರಿನ ಮೇಲೆ ಮಡಚಿ ತೆಂಗಿನ ಕಡ್ಡಿಯಿಂದ ಚುಚ್ಚಿ. ಸ್ಟೇಪ್ಲರ್ ಪಿನ್ನು ಹೊಡೆಯಬೇಡಿ. ಒಣಗಿದ ಮೇಲೆ ಇಳಿಸಿ ಹೂಕುಂಡದ ಮಣ್ಣಿಗೋ ತೆಂಗಿನ ಬುಡಕ್ಕೋ ಹಾಗೇ ಹಾಕಬಹುದು, ಬಿಚ್ಚುವ ಗೋಜಿಲ್ಲ.