ಚೀಟಿ ಇಲ್ಲದ ಕಲ್ಲು

ಮಧುಗಿರಿಯಿಂದ ಪಾವಗಡದ ದಾರಿ ಹಿಡಿದರೆ ಸಿಗುವ ಮಿಡಿಗೇಶಿಯಲ್ಲಿ ಮಳೆಗೆ ಬರ ಬಂದೀತು, ಕಲ್ಲಿಗೆ ಮಾತ್ರ ಬರವಿಲ್ಲ. ಊರಿನ ಬೆನ್ನಿಗೆ ಕೋಟೆ ಹೊತ್ತ ಬೆಟ್ಟ; ಸುತ್ತಲಿನ ಹೊಲಗಳಲ್ಲೂ ಬಂಡೆ. ಇವೆಲ್ಲ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿಗೆ ಸೇರಿದವು. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಅಲ್ಲಿಂದ ಉತ್ತರಕ್ಕೆ ಮಧುಗಿರಿ, ಪಾವಗಡಗಳನ್ನು ಹಾಯ್ದು ಹೋಗುವ ಈ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ನೆಲದಾಳದ ಶಿಲಾರಸ ಬಹಳ ನಿಧಾನವಾಗಿ ಆರಿದ್ದರಿಂದ ಅದರೊಳಗಿನ ಖನಿಜಗಳಿಗೆ ದೊಡ್ಡ ಹರಳುಗಳಾಗಿ ಬೆಳೆಯಲು ಬಿಡುವು ಸಿಕ್ಕಿತು. ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆ ದಪ್ಪನಾಗುವುದಿಲ್ಲವೆ, ಹಾಗೆ.

ಈ ಕಲ್ಲಿನಲ್ಲಿ ಗುಲಾಬಿ ಬಣ್ಣದ ಹರಳು ಕಂಡರೆ ಅದು ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತೆ ಮಿನುಗುವುದು ಬೆಣಚುಕಲ್ಲು. ಉಗುರು ತಾಗಿದರೆ ಪದರ ಪದರವಾಗಿ ಏಳುವ ಕಪ್ಪು ಹಾಳೆ ಕಾಗೆಬಂಗಾರ. ಮಧುಗಿರಿ, ಪಾವಗಡ ತಾಲ್ಲೂಕುಗಳ ಕೆಲವೆಡೆ ಕುರುಂದದ ಕಲ್ಲೂ ಉಂಟು. ಆರು ಮುಖದ, ಬೂದು ಇಲ್ಲವೆ ಕಂದುಗೆಂಪು ಬಣ್ಣದ ಈ ಹರಳು ನೋಡಲು ಅಷ್ಟೇನೂ ಚೆಲುವಲ್ಲ. ಗಡಸಿನಲ್ಲಿ ಮಾತ್ರ ಗಟ್ಟಿಗ. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಹ್ಸ್ ರೂಪಿಸಿದ ಮಾಪಕದಲ್ಲಿ ಬೆಣಚು 7, ಕುರುಂದ 9, ವಜ್ರ 10. ಕತ್ತಿಗೆ ಸಾಣೆ ಹಿಡಿಯಲು ಬಳಸುತ್ತಿದ್ದ ಈ ಖನಿಜವೇ ತಿಳಿಯಾಗಿ, ಕೆಂಪಾಗಿ ಸಿಕ್ಕರೆ ಮಾಣಿಕ್ಯ, ನೀಲಿಯಾಗಿದ್ದರೆ ನೀಲ.

ಇಷ್ಟು ತಿಳಿದ ಹುಡುಗನೊಬ್ಬ ಜೇಬು ತುಂಬ ಕಲ್ಲು ತಂದರೆ ಮನೆಯಲ್ಲಿ ಏನಾದೀತು? ಕಡಲೆಕಾಯಿ ಬಿತ್ತುವ ಮುನ್ನ ಹೊಲದ ಕಲ್ಲು ಆಯ್ದು ಬದುವಿಗೆ ಹಾಕುವುದರಲ್ಲೇ ಬೆನ್ನು ಬಾಗಿದ ಅಪ್ಪನಿಗೆ ಇದು ಹುಚ್ಚಾಟ. “ಲೋ, ನಾನು ಆಚೆ ಹಾಕಿದ್ದನ್ನ ನೀನು ಒಳಕ್ಕೆ ತರ್ತೀಯಲ್ಲೋ!” ಎನ್ನುತ್ತಾನೆ. ಪರೀಕ್ಷೆ ಹತ್ತಿರವಿದ್ದರೆ ಅಮ್ಮನ ಮಾತು ಇನ್ನೂ ಚುರುಕು. ಕಲ್ಲುಗಳು ತಿಪ್ಪೆ ಸೇರುತ್ತವೆ. ಇದರಿಂದ ಕಲ್ಲಿಗೇನೂ ನಷ್ಟವಿಲ್ಲ, ಅದು 250 ಕೋಟಿ ವರ್ಷ ಕಾದಿದೆ. ಹುಡುಗ ಮಾತ್ರ ‘ಇದೇನು?’ ಎಂದು ಮತ್ತೊಮ್ಮೆ ಕೇಳಲಾರ.

ಹಾಗೆಂದು ತಪ್ಪೆಲ್ಲ ಹಿರಿಯರದೇ ಅಲ್ಲ. ಬಣ್ಣಕ್ಕೆ ಮರುಳಾಗಿ ಗುಡ್ಡೆ ಹಾಕುವುದನ್ನೇ ಮಕ್ಕಳು ಸಂಗ್ರಹ ಎಂದುಕೊಳ್ಳುತ್ತಾರೆ. ಎಲ್ಲಿ, ಯಾವಾಗ ಸಿಕ್ಕಿತೆಂದು ಚೀಟಿ ಬರೆದಿಡದ ಹರಳು ವರ್ಷ ಕಳೆಯುವುದರೊಳಗೆ ಬರೀ ಕಲ್ಲಾಗುತ್ತದೆ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆ ಹೊತ್ತ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತವನ್ನೆಲ್ಲ ಸುತ್ತಿ ಆದಿಮಾನವನ ಕಲ್ಲಿನ ಆಯುಧಗಳನ್ನು ಕೂಡಿಸಿದವರು. 1904ರಲ್ಲಿ ಅವು ಮದರಾಸಿನ ವಸ್ತುಸಂಗ್ರಹಾಲಯ ಸೇರಿದವು. ಯಾವುದು ಯಾವ ಊರಿನದೆಂದು ಫೂಟ್ ಪಟ್ಟಿ ಮಾಡಿಟ್ಟಿದ್ದರಿಂದಲೇ ಅವುಗಳಿಗೆ ಇಂದಿಗೂ ಬೆಲೆ. ಮಕ್ಕಳ ಹರಳಿಗೂ ಇದೇ ನಿಯಮ.

ಸಂಗ್ರಹಕ್ಕೆ ಸುತ್ತಿಗೆ ಬೇಕಿಲ್ಲ. ಕೋಟೆಯ ಗೋಡೆ, ಊರವರು ಪೂಜಿಸುವ ಬಂಡೆ ಇವುಗಳಿಗೆ ಕೈ ಹಚ್ಚಬಾರದು. ಕಲ್ಲುಕ್ವಾರಿಯೊಳಗೆ ಹೆಜ್ಜೆಯಿಡಲೇಬಾರದು. ಮಳೆ ಬಂದು ನಿಂತ ಮೇಲೆ ಹಳ್ಳದ ದಂಡೆಯಲ್ಲಿ, ಬದುವಿನಲ್ಲಿ ತಾನಾಗಿ ಬಿದ್ದದ್ದೇ ಸಾಕು. ಬೇರೆಯವರ ಹೊಲವಾದರೆ ಒಂದು ಮಾತು ಕೇಳಬೇಕು. ಹಳೆಯ ಗಾಜಿನ ಚೂರನ್ನು ದೊಡ್ಡವರ ಎದುರಿಗೆ ಗೀಚಿ ನೋಡಿದರೆ ಬೆಣಚು ಗೆರೆ ಎಳೆಯುತ್ತದೆ, ಕಾಗೆಬಂಗಾರ ಎಳೆಯದು. ಬೆಣಚನ್ನೇ ಗೀಚಬಲ್ಲ ಕಲ್ಲು ಸಿಕ್ಕರೆ ಶಾಲೆಯ ವಿಜ್ಞಾನದ ಮೇಷ್ಟರಿಗೆ ತೋರಿಸಬೇಕು. ಅದು ಕುರುಂದ ಇದ್ದೀತು.

ಯಾವ ಹೊಲದಲ್ಲಿ ಬೆಣಚು ಹೆಚ್ಚು, ಯಾರ ಬಾವಿ ತೋಡುವಾಗ ಎಷ್ಟು ಆಳಕ್ಕೆ ಎಂಥ ಬಂಡೆ ಬಂತು ಎಂಬುದು ಪಠ್ಯಪುಸ್ತಕದಲ್ಲಿಲ್ಲ. ಜೀವಮಾನವೆಲ್ಲ ಕಲ್ಲು ಆಯ್ದ ರೈತನಿಗೆ ಗೊತ್ತು. ಚೀಟಿ ತುಂಬಬೇಕಾದರೆ ಮಕ್ಕಳು ಅವನನ್ನೇ ಕೇಳಬೇಕಾಗುತ್ತದೆ. ಅವನು ಹೇಳಲಿ, ಅವರು ಬರೆದುಕೊಳ್ಳಲಿ. ಖಾಲಿ ಬೆಂಕಿಪೊಟ್ಟಣ ಒಂದು, ಹಾಳೆಯ ಚೂರು ಒಂದು. ತಗಲುವ ಖರ್ಚು ಇಷ್ಟೇ.