ಅರ್ಧ ಪಾಲು ಏಸುವಿಗೆ

ಮನಮೋಹನ ದೇಸಾಯಿ ಖೇತವಾಡಿಯವರು. ಅಂದರೆ ನಮ್ಮ ಗ್ರಾಂಟ್ ರೋಡಿನ ನೆರೆಯವರೇ. ಹಾಗಾಗಿ ಅವರ ‘ಅಮರ್ ಅಕ್ಬರ್ ಆಂಥೋನಿ’ಯನ್ನು (1977) ಹೋಟೆಲ್ ಹುಡುಗರಾದ ನಾವು ನಮ್ಮ ಓಣಿಯ ಸಿನಿಮಾ ಎಂದೇ ತಿಳಿದಿದ್ದೆವು. 1988ರಲ್ಲಿ ನಾನು ಮುಂಬಯಿಗೆ ಬಂದಾಗಲೂ ಪಿಲಾ ಹೌಸ್ ಕಡೆಯ ಟಾಕೀಸುಗಳಲ್ಲಿ ಹಳೆಯ ಚಿತ್ರಗಳು ಕಡಿಮೆ ದರಕ್ಕೆ ಮತ್ತೆ ಮತ್ತೆ ಬರುತ್ತಿದ್ದವು. (ಪ್ಲೇಹೌಸ್ ಎಂಬುದೇ ಜನರ ಬಾಯಲ್ಲಿ ಪಿಲಾ ಹೌಸ್ ಆದದ್ದು.)

ಕತೆ ನಿಮಗೆ ಗೊತ್ತೇ ಇದೆ. ಆಗಸ್ಟ್ 15ರಂದು ಅಗಲಿದ ಮೂವರು ಅಣ್ಣತಮ್ಮಂದಿರು ಮೂರು ಧರ್ಮಗಳಲ್ಲಿ ಬೆಳೆಯುತ್ತಾರೆ. ಹೆತ್ತವಳೆಂದು ತಿಳಿಯದೆಯೇ ಮೂವರೂ ಒಟ್ಟಿಗೆ ಅವಳಿಗೆ ರಕ್ತ ಕೊಡುತ್ತಾರೆ. ಶಿರಡಿ ಬಾಬಾನ ಕಣ್ಣಿನಿಂದ ಹೊರಟ ಜ್ಯೋತಿ ಆ ಕುರುಡಿ ತಾಯಿಗೆ ದೃಷ್ಟಿ ಕೊಡುತ್ತದೆ. ಬುದ್ಧಿವಂತರು ನಕ್ಕರು. ನಗಲಿ. ಸಾರಾಯಿ ಮಾರುವ ಆಂಥೋನಿ ಏಸುವನ್ನು ಪಾಲುದಾರ ಮಾಡಿಕೊಂಡು ಗಳಿಕೆಯಲ್ಲಿ ಅರ್ಧ ಕೊಡುವುದು ತುಳುನಾಡಿನವರಾದ ನಮಗೆ ವಿಚಿತ್ರ ಅನ್ನಿಸಲೇ ಇಲ್ಲ. ದೈವದ ಹತ್ತಿರ ನಾವು ಮಾತಾಡುವುದೂ ಹಾಗೆಯೇ ಅಲ್ಲವೇ? ಕಳೆದುಹೋದ ದನ ಸಿಕ್ಕಿದರೆ ಇಷ್ಟು, ಕೋರ್ಟಿನಲ್ಲಿ ಗೆದ್ದರೆ ಇಷ್ಟು!

ನಮ್ಮ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ ಅಣ್ಣ ಕಾರ್ಕಳದವನು. ಹಿಂದುವಾದರೂ ಚಿಕ್ಕಂದಿನಲ್ಲಿ ಅತ್ತೂರು ಇಗರ್ಜಿಯ ಜಾತ್ರೆಗೆ ಹೋಗಿ ಮೇಣದಬತ್ತಿ ಹಚ್ಚಿದವನು. ಕುಡಿದು ಬಂದು ತಾಯಿಗೆ ಹೊಡೆಯುತ್ತಿದ್ದ ಅಪ್ಪನನ್ನು ಬಿಟ್ಟು ಹನ್ನೆರಡನೆಯ ವಯಸ್ಸಿಗೆ ಓಡಿ ಬಂದಿದ್ದ. ತಾಯಿ ಆಮೇಲೆ ಹೆಚ್ಚು ದಿನ ಬದುಕಲಿಲ್ಲ. ಸಿನಿಮಾದಲ್ಲಿ ಎಲ್ಲರೂ ನಗುವ ಕಡೆ ಇವನೂ ಜೋರಾಗಿ ನಗುತ್ತಿದ್ದ. ಕೊನೆಗೆ ಸ್ಮಗ್ಲರ್ ಆದ ಅಪ್ಪ ಪ್ರಾಣ್ ಜೈಲಿನಲ್ಲಿ ಮಕ್ಕಳನ್ನು ಅಪ್ಪಿಕೊಳ್ಳುವಾಗ ಮಾತ್ರ ಎದ್ದು ಹೊರಗೆ ಹೋಗಿಬಿಡುತ್ತಿದ್ದ.

“ತಪ್ಪು ಮಾಡಿದ್ದಾನೆ, ಜೈಲಿಗೂ ಹೋದ. ಸರಿ. ಆದರೆ ಮಕ್ಕಳು ಯಾಕೆ ಅಪ್ಪಿಕೊಳ್ಳಬೇಕು ಮಾರಾಯಾ?” ಎಂದು ನನ್ನನ್ನೇ ಕೇಳುತ್ತಿದ್ದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ದೇಸಾಯಿಯವರ ಹತ್ತಿರವೂ ವಾದ ಇಲ್ಲ. ಹಾಡು, ತಮಾಷೆ, ಪವಾಡ ಅಷ್ಟೇ. ಆದರೂ ಆ ಅಪ್ಪ ಕಂಬಿಯ ಹಿಂದೆಯೇ ಉಳಿಯುತ್ತಾನೆ, ಕ್ಷಮೆ ಸಿಕ್ಕಿತೆಂದು ಶಿಕ್ಷೆ ಮಾಫಿಯಾಗುವುದಿಲ್ಲ. ಅದು ನನಗೆ ಸರಿ ಕಂಡಿತ್ತು.

1994ರ ಮಾರ್ಚಿನಲ್ಲಿ ದೇಸಾಯಿಯವರು ತೀರಿಕೊಂಡರು. ಮರುವರ್ಷ ಜನವರಿಯಲ್ಲಿ, ಅತ್ತೂರು ಜಾತ್ರೆಯ ಹೊತ್ತಿಗೆ, ಅಣ್ಣ ಎಂಟು ದಿನ ರಜೆ ಕೇಳಿದ. ಆಗಿನ್ನೂ ಕೊಂಕಣ ರೈಲು ಕಾರ್ಕಳದ ಕಡೆಯವರಿಗೆ ಒದಗಿರಲಿಲ್ಲ, ಬಸ್ಸು ಹತ್ತಿದ.

ಒಂಬತ್ತನೆಯ ದಿನ ಬೆಳಿಗ್ಗೆ ಐದಕ್ಕೇ ಕಲ್ಲಿನ ಮುಂದೆ ನಿಂತಿದ್ದ. “ಅಪ್ಪ ಸಿಕ್ಕಿದರಾ?” ಎಂದೆ.

“ಕೆಮ್ಮು ಜೋರಿದೆ,” ಅಂದ. “ತಿಂಗಳಿಗೆ ಇನ್ನೂರು ಕಳಿಸಬೇಕು. ನೀರುಳ್ಳಿ ಹೆಚ್ಚಿ ಆಯ್ತಾ?”