ಅರುವತ್ತರ ಮೇಲೊಂದು ಅಕ್ಷರಾಭ್ಯಾಸ

ವಿದ್ಯಾರಂಭಕ್ಕೆ ಐದನೆಯ ವರ್ಷವು ಪ್ರಶಸ್ತವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ನನಗೆ ಎರಡನೆಯ ವಿದ್ಯಾರಂಭವು ಅರುವತ್ತನಾಲ್ಕನೆಯ ವಯಸ್ಸಿನಲ್ಲಿ, ತೆಂಗಿನ ತೋಟವೊಂದರ ಮೆಟ್ಟಿಲುಬಾವಿಯಲ್ಲಿ ನಡೆಯಿತು. ಇದನ್ನೋದಿ ವಾಚಕಮಹಾಶಯರು ನಗುವುದಾದರೆ ನನ್ನ ಆಕ್ಷೇಪಣೆಯಿಲ್ಲ. ಮೊದಲು ನಕ್ಕವಳು ನನ್ನ ಗೃಹಿಣಿಯೇ.

ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ನಾನು ಎಮ್ಮೆದೊಡ್ಡಿಯಲ್ಲಿ ನೆಲೆಸಿ, ದಿನವೂ ಅರುಣೋದಯದಲ್ಲಿ ಮದಗದಕೆರೆಯ ಕಡೆಗೆ ಓಡುವ ಅಭ್ಯಾಸವನ್ನಿಟ್ಟುಕೊಂಡಿದ್ದೆನು. ಯಾರನ್ನೂ ಗೆಲ್ಲುವುದಕ್ಕಲ್ಲ. ಪಡುವಲಲ್ಲಿ ಬಾಬಾಬುಡನ್‌ಗಿರಿಯ ಸಾಲು ಮಂಜಿನಿಂದ ಮೆಲ್ಲನೆ ಹೊರಬರುವುದನ್ನು ನೋಡುತ್ತ, ಪಾಠಶಾಲೆಯಲ್ಲಿ ಕಲಿತ ಶ್ಲೋಕಗಳನ್ನು ಉಸಿರಿನ ಲಯಕ್ಕೆ ಹೊಂದಿಸಿಕೊಂಡು ಓಡುವುದೇ ಒಂದು ಆನಂದ. ಕಳೆದ ವರ್ಷ ಮೊಣಕಾಲು ಅದಕ್ಕೆ ವಿಘ್ನವನ್ನು ತಂದಿತು. ಓಟವನ್ನು ಬಿಟ್ಟು ಈಜನ್ನು ಕಲಿಯಬೇಕೆಂದೂ, ನೀರಿನಲ್ಲಿ ದೇಹದ ಭಾರವು ಕೀಲುಗಳ ಮೇಲೆ ಬಹಳ ಕಡಮೆಯಾಗಿ ಬೀಳುವುದೆಂದೂ ವೈದ್ಯರು ತಿಳಿಸಿದರು.

ಈಜಿಗೂ ನನಗೂ ಹಳೆಯ ವೈರ. ಮಧ್ಯಾಹ್ನದ ಬಿಡುವಿನಲ್ಲಿ ಕೆರೆಗೆ ಧುಮುಕಿ ಒದ್ದೆ ತಲೆಯಲ್ಲಿ ತರಗತಿಗೆ ಬರುತ್ತಿದ್ದ ಹುಡುಗರಿಗೆ ನಾನು ಬೆತ್ತದ ರುಚಿಯನ್ನು ತೋರಿಸುತ್ತಿದ್ದೆನು. ಅವರ ಪ್ರಾಣದ ಮೇಲಣ ಕಾಳಜಿಯೆಂದು ಆಗ ಹೇಳಿಕೊಳ್ಳುತ್ತಿದ್ದುದುಂಟು. ಸತ್ಯವೇನೆಂದರೆ, ನೀರೆಂದರೆ ನನಗೇ ಭಯ. ಅವರಲ್ಲೊಬ್ಬನು ಮುಳುಗಿದ್ದರೆ ದಡದಲ್ಲಿ ನಿಂತು ಕೂಗುವುದಲ್ಲದೆ ಮತ್ತೇನೂ ನನ್ನಿಂದಾಗುತ್ತಿರಲಿಲ್ಲ. ನನ್ನ ಅಂಜಿಕೆಗೆ ಅವರ ಅಂಗೈಗಳು ದಂಡ ತೆತ್ತವು.

ಈಗ ನನಗೆ ಕಲಿಸಲು ಒಪ್ಪಿದವನು ಆ ಹುಡುಗರಲ್ಲೊಬ್ಬ. ತೋಟ ಮಾಡಿಕೊಂಡಿರುವ ಗೃಹಸ್ಥ. ನನ್ನ ಬೆನ್ನಿಗೆ ಬರಿಯ ಡಬ್ಬವೊಂದನ್ನು ಕಟ್ಟಿ, "ಇಳೀರಿ ಮೇಷ್ಟ್ರೇ, ನಾನಿದೀನಿ" ಎಂದನು. ಓಡಿ ಪಳಗಿದ ಎದೆಗೆ ಈಜು ಎಷ್ಟರದೆಂಬ ಅಹಂಕಾರವು ನನ್ನಲ್ಲಿ ಇದ್ದಿತು. ಅದು ಮೊದಲ ದಿನವೇ ನನಗಿಂತ ಮುಂಚೆ ಮುಳುಗಿತು. ಕಾಲುಗಳು ನೀರಿನಲ್ಲಿಯೂ ಓಡಲೆಳಸಿ ಕೆಳಕ್ಕೆ ಜಗ್ಗಿದವು. ಓಟದಲ್ಲಿ ಬೇಕೆಂದಾಗ ದೊರೆಯುವ ಉಸಿರಿಗೆ ಇಲ್ಲಿ ಸರದಿಯುಂಟು: ಮುಖವು ನೀರಿನಲ್ಲಿರುವಾಗ ಬಿಡಬೇಕು, ಹೊರಳಿದಾಗ ಎಳೆದುಕೊಳ್ಳಬೇಕು. ಅರ್ಧ ಗಳಿಗೆಯಲ್ಲಿ ನಾನು ಬಳಲಿ ಮೆಟ್ಟಿಲ ಮೇಲೆ ಕುಳಿತೆನು.

ಆಗ 2020ನೆಯ ಇಸವಿಯ ಒಂದು ವಾರ್ತೆಯು ನೆನಪಿಗೆ ಬಂದಿತು. ಎಮ್ಮೆಯ ಹೆಸರನ್ನು ಹೊತ್ತ ಊರಿನವರು ಕೋಣಗಳ ವಾರ್ತೆಯನ್ನು ಮರೆಯುವುದುಂಟೆ? ಮೂಡಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರುಗಳ ಕೆಸರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಜನರು ಅದನ್ನು 100 ಮೀಟರಿಗೆ ಇಳಿಸಿ, 2009ರಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58 ಸೆಕೆಂಡುಗಳ ವಿಶ್ವದಾಖಲೆಯೊಡನೆ ತೂಗಿದರು. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಯ ಓಟಕ್ಕೆ ಆಹ್ವಾನಿಸಿದರು. ಗೌಡರು ಒಲ್ಲೆನೆಂದರು, ಕಂಬಳದಲ್ಲಿ ಹಿಮ್ಮಡಿಯ ಬಲ, ಓಟದ ಪಥದಲ್ಲಿ ಕಾಲ್ಬೆರಳುಗಳ ಬಲ, ಎರಡೂ ಬೇರೆಯೆಂಬುದು ಅವರ ಅಭಿಪ್ರಾಯ. ಕೆಲವರು ಅದನ್ನು ಹಿಂಜರಿಕೆಯೆಂದರು. ನನಗೀಗ ಅದು ವಿವೇಕವೆಂದು ತೋರುತ್ತದೆ. ಓಟಕ್ಕೂ ಓಟಕ್ಕೂ ಇಷ್ಟು ಅಂತರವಿದ್ದಮೇಲೆ ನೆಲಕ್ಕೂ ನೀರಿಗೂ ಎಷ್ಟಿರಬೇಡ! ವ್ಯಾಕರಣದಲ್ಲಿ ಪಂಡಿತನಾದವನೂ ತರ್ಕದ ಪಾಠಕ್ಕೆ ಹೋದರೆ ಬಾಲಕರೊಡನೆ ಚಾಪೆಯ ಮೇಲೆ ಕೂರಲೇಬೇಕು. ನಾನೂ ಕುಳಿತೆನು.

ಮೂರು ತಿಂಗಳಾದ ಮೇಲೆ ಡಬ್ಬವಿಲ್ಲದೆ ಬಾವಿಯ ಅಡ್ಡಗಲವನ್ನು ದಾಟಿದೆನು. ನನ್ನ ಗುರುವು ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದನು. ಬಹುದಿನಗಳಿಂದ ಗಂಟಲಲ್ಲಿದ್ದ ಮಾತನ್ನು ಅಂದು ಆಡಿಬಿಟ್ಟೆನು: "ಅಪ್ಪಾ, ಈಜಿದ್ದಕ್ಕೆ ನಿನ್ನನ್ನು ಹೊಡೆಯುತ್ತಿದ್ದೆ. ತಪ್ಪಾಯಿತು."

ಅವನು ಕ್ಷಣಕಾಲ ಸುಮ್ಮನಿದ್ದು, ನೀರಿಗಿಳಿದು ನನ್ನೆದುರು ನಿಂತನು. ಹಿಂದೆ ಬೆತ್ತವನ್ನು ಹಿಡಿದು ನಾನು ಆಡುತ್ತಿದ್ದ ಮಾತನ್ನೇ, ಬಹುವಚನ ಸೇರಿಸಿ, ಹೇಳಿದನು:

"ಕೈ ಚಾಚಿ, ಮೇಷ್ಟ್ರೇ."